ದಾಸವಾಳಕ್ಕೆ ಕಾಯಿ ಏಕಿಲ್ಲ? ಪರಾಗಸ್ಪರ್ಶದ ಪಾಠಕ್ಕೆ ಹೂವಿನ ಆಯ್ಕೆ

ಏಳನೆಯ ತರಗತಿಯ ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’ ಇರಲಿ, ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಘಟಕವಿರಲಿ, ಹೂವಿನ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ತರುವ ಹೂ ಒಂದೇ: ಕೆಂಪು ದಾಸವಾಳ. ಜೀವವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕನಾಗಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದ ಪಾಠಗಳಲ್ಲಿ ಬೇರೆ ಹೂ ಕಂಡದ್ದು ಬಹಳ ಕಡಿಮೆ. ಈ ಆಯ್ಕೆಗೆ ಒಳ್ಳೆಯ ಕಾರಣಗಳೇ ಇವೆ. ದಾಸವಾಳ ವರ್ಷವಿಡೀ ಸಿಗುತ್ತದೆ, ದುಡ್ಡು ಬೇಕಿಲ್ಲ, ಹೂ ದೊಡ್ಡದು. ಕೇಸರಗಳೆಲ್ಲ ಕೂಡಿ ಕೊಳವೆಯಾಗಿ ನಿಂತಿರುವುದು, ಆ ಕೊಳವೆಯೊಳಗಿಂದ ಶಲಾಕನಳಿಕೆ ಹಾದು ತುದಿಯಲ್ಲಿ ಐದು ಕೆಂಪು ಗುಂಡುಗಳಾಗಿ ಕವಲೊಡೆದಿರುವುದು ಕೊನೆಯ ಸಾಲಿನ ಮಕ್ಕಳಿಗೂ ಕಾಣುತ್ತದೆ. ಭಾಗಗಳನ್ನು ತೋರಿಸಲು ಇದಕ್ಕಿಂತ ಅನುಕೂಲವಾದ ಹೂ ನನಗೂ ಗೊತ್ತಿಲ್ಲ.

ತೊಂದರೆ ಬರುವುದು ಪಾಠಯೋಜನೆಯ ಮುಂದಿನ ಹಂತದಲ್ಲಿ. ಭಾಗಗಳಾದ ಮೇಲೆ ಪರಾಗಸ್ಪರ್ಶ, ಆಮೇಲೆ ನಿಶೇಚನ, ಆಮೇಲೆ ಕಾಯಿ ಮತ್ತು ಬೀಜ. ಇಲ್ಲಿಗೆ ಬಂದಾಗ ದಾಸವಾಳ ಮೇಜಿನ ಮೇಲೆಯೇ ಉಳಿಯುತ್ತದೆ. ಹಲಗೆಯ ಮೇಲೆ ಟೊಮೆಟೊ ಅಥವಾ ಬಟಾಣಿ ಕಾಯಿಯ ಚಿತ್ರ ಬರುತ್ತದೆ. ಕಥೆ ಒಂದು ಗಿಡದಲ್ಲಿ ಶುರುವಾಗಿ ಇನ್ನೊಂದು ಗಿಡದಲ್ಲಿ ಮುಗಿಯುತ್ತದೆ. ಹೆಚ್ಚಿನ ಮಕ್ಕಳು ಬರೆದುಕೊಂಡು ಸುಮ್ಮನಾಗುತ್ತಾರೆ. ಒಮ್ಮೆ ಒಬ್ಬ ಹುಡುಗ ಸುಮ್ಮನಾಗಲಿಲ್ಲ. “ಸರ್, ದಾಸವಾಳದ ಕಾಯಿ ಹೆಂಗಿರತೈತ್ರಿ? ನಮ್ಮ ಮನಿ ಮುಂದ ಗಿಡ ಐತಿ, ಒಮ್ಮೆನೂ ಕಾಯಿ ಬಿಟ್ಟಿದ್ದ ನೋಡಿಲ್ರಿ” ಎಂದ. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ “ಸರಿಯಾಗಿ ಹುಡುಕು, ಇರುತ್ತದೆ” ಎಂದು ಹೇಳಿ ಮುಂದೆ ಹೋದರು. ಹುಡುಗ ಕುಳಿತುಕೊಂಡ.

ಆ ಹುಡುಗ ಸರಿಯಾಗಿಯೇ ನೋಡಿದ್ದ. ನಮ್ಮ ಅಂಗಳಗಳ ದಾಸವಾಳ ಕಾಯಿ ಕಟ್ಟುವುದು ಬಲು ಅಪರೂಪ. ವರ್ಷಗಟ್ಟಲೆ ನೋಡಿ ಅವನು ಕಂಡುಕೊಂಡದ್ದನ್ನು ಪಠ್ಯಪುಸ್ತಕದ ವಾಕ್ಯವೊಂದು ಸುಳ್ಳೆಂದು ಅವನಿಗೆ ಅನ್ನಿಸಿದರೆ, ವಿಜ್ಞಾನದ ಪಾಠದಿಂದ ಅವನು ಕಲಿತದ್ದೇನು? ಅದಕ್ಕಾಗಿಯೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ದಾಸವಾಳಕ್ಕೆ ಕಾಯಿ ಇಲ್ಲದಿರಲು ಎರಡು ಕಾರಣಗಳನ್ನು ತಿಳಿದಿದ್ದರೆ ಸಾಕು. ಮೊದಲನೆಯದು ಗಿಡದ ಹಿನ್ನೆಲೆ. ಈ ಜಾತಿ ಕಾಡಿನಲ್ಲಿ ತಾನಾಗಿ ಬೆಳೆದದ್ದು ತಿಳಿದಿಲ್ಲ. ಮನುಷ್ಯರ ತೋಟಗಳಲ್ಲಿ ಬಹಳ ಹಿಂದೆಯೇ ಬೇರೆ ಬೇರೆ ಜಾತಿಗಳು ಕೂಡಿ ಬಂದದ್ದು. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಜೊತೆಗಳು ಎರಡಲ್ಲ, ಹಲವು. ಸಂಖ್ಯೆಯೂ ತಳಿಯಿಂದ ತಳಿಗೆ ಬೇರೆ. ಲಿಂಗಾಣುಗಳು ತಯಾರಾಗುವಾಗ ವರ್ಣತಂತುಗಳು ಜೋಡಿಯಾಗಿ ನಿಂತು ಸಮನಾಗಿ ಹಂಚಿಹೋಗಬೇಕು. ಜೋಡಿ ಸರಿಹೋಗದಿದ್ದರೆ ಪರಾಗರೇಣುವೂ ಅಂಡಕವೂ ಸರಿಯಾಗಿ ರೂಪುಗೊಳ್ಳುವುದಿಲ್ಲ. ಪರಾಗಕೋಶದ ತುಂಬ ಹಳದಿ ಪುಡಿ ಕಾಣುತ್ತದೆ ಎಂದಮಾತ್ರಕ್ಕೆ ಅದೆಲ್ಲ ಕೆಲಸಕ್ಕೆ ಬರುವ ಪರಾಗವೆಂದು ತಿಳಿಯಬೇಕಾಗಿಲ್ಲ.

ಎರಡನೆಯದು ನಾವು ಗಿಡ ಬೆಳೆಸುವ ರೀತಿ. ಪಕ್ಕದ ಮನೆಯಿಂದ ಟೊಂಗೆ ತಂದು ನೆಡುತ್ತೇವೆ, ನಮ್ಮಿಂದ ಇನ್ನೊಬ್ಬರು ಒಯ್ಯುತ್ತಾರೆ. ಒಂದು ಓಣಿಯ ಹತ್ತು ಕೆಂಪು ದಾಸವಾಳಗಳು ಹಲವು ಬಾರಿ ಒಂದೇ ಗಿಡದ ಹತ್ತು ತುಂಡುಗಳು. ಸೂರಕ್ಕಿ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಪರಾಗ ಒಯ್ದರೂ ಆನುವಂಶಿಕವಾಗಿ ಅದು ಅದೇ ಗಿಡದ ಪರಾಗ. ‘ಒಂದು ಸಸ್ಯದಿಂದ ಅದೇ ಜಾತಿಯ ಮತ್ತೊಂದು ಸಸ್ಯಕ್ಕೆ’ ಎಂದು ಪರಕೀಯ ಪರಾಗಸ್ಪರ್ಶದ ವ್ಯಾಖ್ಯೆ ಬರೆಸುವಾಗ ‘ಮತ್ತೊಂದು’ ಎಂದರೆ ಏನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಒಂಬತ್ತು, ಹತ್ತನೆಯ ತರಗತಿಯಲ್ಲಿ ಇದನ್ನು ಚರ್ಚೆಗೆ ಬಿಡಬಹುದು. ಏಳನೆಯ ತರಗತಿಗೆ ಬೇಡ. ತಳಿ ಬೆಳೆಸುವವರು ಬೇರೆ ಬೇರೆ ತಳಿಗಳ ನಡುವೆ ಕೈಯಿಂದ ಪರಾಗ ಸೋಕಿಸಿ ದಾಸವಾಳದಲ್ಲೂ ಬೀಜ ಪಡೆಯುತ್ತಾರೆ. ಹಾಗಾಗಿ ‘ದಾಸವಾಳಕ್ಕೆ ಬೀಜವೇ ಇಲ್ಲ’ ಎಂದೂ ಹೇಳಬಾರದು.

ಹಾಗಾದರೆ ಪಾಠದಲ್ಲಿ ಏನು ಮಾಡಬೇಕು? ದಾಸವಾಳವನ್ನು ಬಿಡಬೇಕಾಗಿಲ್ಲ, ಅದರ ಪಕ್ಕದಲ್ಲಿ ಒಂದು ಬೆಂಡೆ ಹೂ ಇಡಬೇಕು. ಎರಡೂ ಒಂದೇ ಕುಟುಂಬದವು. ಲಿನ್ನೇಯಸ್ ಬೆಂಡೆಯನ್ನು ದಾಸವಾಳದ ಪಂಗಡದಲ್ಲಿಯೇ ಸೇರಿಸಿದ್ದ. ಅದೇ ಕೇಸರದ ಕೊಳವೆ, ಅದೇ ಐದು ದಳ. ಆದರೆ ಬೆಂಡೆ ಹೂ ಬೆಳಿಗ್ಗೆ ಅರಳಿ ಸಂಜೆಗೆ ಮುದುಡಿದರೆ ಐದಾರು ದಿನದಲ್ಲಿ ಪಲ್ಯಕ್ಕೆ ಬರುವ ಕಾಯಿ ಸಿದ್ಧ. ನಮ್ಮ ಕಡೆಯ ಮಕ್ಕಳಿಗೆ ಪುಂಡಿಯೂ ಗೊತ್ತು. ಪಲ್ಯಕ್ಕೆ ಎಲೆ ಕೀಳುವ ಆ ಪುಂಡಿಯೂ ದಾಸವಾಳದ ಪಂಗಡದ್ದೇ, ಅದರಲ್ಲೂ ಬೀಜ ತುಂಬಿದ ಕಾಯಿ ಬರುತ್ತದೆ. ದಾಸವಾಳದಲ್ಲಿ ಭಾಗಗಳನ್ನು ಗುರುತಿಸಿದ ಮಗು ಬೆಂಡೆಯಲ್ಲಿ ಅವೇ ಭಾಗಗಳನ್ನು ತಾನೇ ಹುಡುಕುತ್ತದೆ, ಕಾಯಿಯ ತಳದಲ್ಲಿ ಹೂ ಉದುರಿದ ಗುರುತನ್ನೂ ನೋಡುತ್ತದೆ. ಒಂದು ಎಚ್ಚರಿಕೆ: ವಿಜ್ಞಾನದ ಅವಧಿ ಊಟದ ನಂತರ ಇದ್ದರೆ ಬೆಂಡೆ ಹೂ ಬಾಡಿರುತ್ತದೆ. ವೇಳಾಪಟ್ಟಿ ನೋಡಿ ಬೆಳಿಗ್ಗೆಯ ಅವಧಿಯನ್ನು ಮಾರ್ಗದರ್ಶಕ ಶಿಕ್ಷಕರಲ್ಲಿ ಕೇಳಿ ಪಡೆಯಬೇಕು.

ದಾಸವಾಳದ ಈ ಗುಣ ಅಲಂಕಾರದ ಹೂಗಿಡಗಳಲ್ಲಿ ಇನ್ನೂ ಹಲವಕ್ಕೆ ಇದೆ. ಅವುಗಳನ್ನು ಮನುಷ್ಯ ಆರಿಸಿಕೊಂಡದ್ದು ಕಣ್ಣಿಗೆ, ಮೂಗಿಗೆ, ಮುಡಿಗೆ, ಬೀಜಕ್ಕಲ್ಲ. ಬಹುದಳದ ಹೂಗಳಲ್ಲಿ ಹೆಚ್ಚಿನ ದಳಗಳು ಹಲವು ವೇಳೆ ಕೇಸರಗಳೇ ದಳವಾಗಿ ಬದಲಾದವು. ದಳ ಹೆಚ್ಚಿದಷ್ಟು ಪರಾಗ ಕಡಿಮೆ. ಬಹುದಳದ ದಾಸವಾಳವೊಂದನ್ನು ಬಿಡಿಸಿದರೆ ಅರ್ಧ ದಳ, ಅರ್ಧ ಪರಾಗಕೋಶ ಆಗಿರುವ ತುಣುಕುಗಳು ಸಿಗುತ್ತವೆ. ಶಂಕರಪುರದ ಮಲ್ಲಿಗೆಯನ್ನು ಬೀಜ ಬಿತ್ತಿ ಯಾರೂ ಬೆಳೆಯುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಯುತ್ತಾರೆ. ಬೋಗನ್‌ವಿಲ್ಲಾದಲ್ಲಿ ಬಣ್ಣ ಇರುವುದು ದಳದಲ್ಲೂ ಅಲ್ಲ, ಹೂವಿನ ಸುತ್ತಲಿನ ಎಲೆಗಳಲ್ಲಿ. ನಡುವಿನ ಸಣ್ಣ ಕೊಳವೆಗಳು ನಿಜವಾದ ಹೂಗಳು. ಹೀಗಾಗಿ ಪಾಠಯೋಜನೆ ಬರೆಯುವ ಮೊದಲು ಶಾಲೆಯ ಕೈತೋಟದಲ್ಲಿ ಒಂದು ಸುತ್ತು ಹೋಗಿ, ಯಾವ ಗಿಡದಲ್ಲಿ ಮೊಗ್ಗು, ಹೂ, ಎಳೆಗಾಯಿ, ಒಣಗಾಯಿ ನಾಲ್ಕೂ ಏಕಕಾಲಕ್ಕೆ ಇವೆ ಎಂದು ನೋಡಿಕೊಂಡು ಬರುವುದು ನನ್ನ ಪ್ರಶಿಕ್ಷಣಾರ್ಥಿಗಳಿಗೆ ಕಡ್ಡಾಯ.

ನಾಲ್ಕೂ ಒಟ್ಟಿಗೆ ಸಿಗುವ ಗಿಡಗಳಲ್ಲಿ ನನಗೆ ಅಚ್ಚುಮೆಚ್ಚಿನದು ಕರ್ಣಕುಂಡಲ, ಅಂದರೆ ಬಾಲ್ಸಮ್. ಮಳೆಗಾಲದಲ್ಲಿ ಹಳ್ಳಿಯ ಶಾಲೆಗಳ ಮುಂದೆ ತಾನಾಗಿಯೇ ಎದ್ದು ಬರುತ್ತದೆ. ಇದರ ಹೂವಿನ ಹಿಂದೆ ಬಾಗಿದ ಬಾಲವೊಂದಿದೆ, ಮಕರಂದ ಇರುವುದು ಅದರ ತುದಿಯಲ್ಲಿ. ದುಂಬಿ ಅಥವಾ ಜೇನು ಮಕರಂದಕ್ಕೆ ಮುಖ ಚಾಚಿದಾಗ ಬೆನ್ನು ಹೂವಿನ ಮೇಲ್ಭಾಗಕ್ಕೆ ತಾಗುತ್ತದೆ. ಅಲ್ಲಿ ಐದು ಪರಾಗಕೋಶಗಳು ಕೂಡಿ ಒಂದು ಟೊಪ್ಪಿಗೆಯಂತೆ ಶಲಾಕಾಗ್ರವನ್ನು ಮುಚ್ಚಿಕೊಂಡಿರುತ್ತವೆ. ಹೂ ಅರಳಿದಾಗ ಕೆಲಸ ಮಾಡುವುದು ಈ ಟೊಪ್ಪಿಗೆ ಮಾತ್ರ. ಪರಾಗ ಮುಗಿದ ಮೇಲೆ ಟೊಪ್ಪಿಗೆ ಕಳಚಿ ಬೀಳುತ್ತದೆ, ಒಳಗಿನ ಶಲಾಕಾಗ್ರ ಆಗ ಹೊರಗೆ ಕಾಣುತ್ತದೆ. ಒಂದೇ ಹೂ ಮೊದಲು ಗಂಡು, ಆಮೇಲೆ ಹೆಣ್ಣು. ಹೊಸ ಹೂ ಒಂದು, ಹಳೆಯ ಹೂ ಒಂದು ಪ್ರತಿ ಗುಂಪಿಗೆ ಕೊಟ್ಟು “ಎರಡರಲ್ಲಿ ಏನು ವ್ಯತ್ಯಾಸ?” ಎಂದಷ್ಟೇ ಕೇಳಿದರೆ ಹತ್ತು ನಿಮಿಷದಲ್ಲಿ ಮಕ್ಕಳೇ ಟೊಪ್ಪಿಗೆಯನ್ನು ಪತ್ತೆ ಮಾಡುತ್ತಾರೆ. ಸ್ವಕೀಯ ಪರಾಗಸ್ಪರ್ಶವನ್ನು ಹೂ ಹೇಗೆ ತಪ್ಪಿಸುತ್ತದೆ ಎಂಬುದಕ್ಕೆ ಬೇರೆ ಚಾರ್ಟು ಬೇಕಾಗುವುದಿಲ್ಲ.

ಹೂವಿನಲ್ಲಿ ಗಂಡು ಹೆಣ್ಣು ಭಾಗಗಳು ಬೇರೆ ಬೇರೆ ಹೊತ್ತಿನಲ್ಲಿ ಸಿದ್ಧವಾಗುತ್ತವೆ ಎಂಬುದನ್ನು ನೂರಾರು ಹೂಗಳಲ್ಲಿ ನೋಡಿ ಬರೆದವನು ಜರ್ಮನಿಯ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಅವನ ಪುಸ್ತಕ ಬಂದದ್ದು 1793ರಲ್ಲಿ. ಅವನ ವೃತ್ತಿ ಸ್ಪಾಂಡೌ ಎಂಬ ಊರಿನ ಶಾಲೆಯ ಮುಖ್ಯೋಪಾಧ್ಯಾಯಗಿರಿ. ನಮ್ಮ ವೃತ್ತಿಯವನೇ ಎಂಬ ಅಭಿಮಾನದಿಂದ ಈ ಮಾತು ಸೇರಿಸಿದೆ.

ಕರ್ಣಕುಂಡಲದ ಕಾಯಿಯಂತೂ ಮಕ್ಕಳಿಗೆ ಹಬ್ಬ. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಐದು ಸಿಪ್ಪೆಗಳು ಚಕ್ಕನೆ ಸುರುಳಿಯಾಗಿ ಬೀಜ ನಾಲ್ಕೂ ಕಡೆ ಸಿಡಿಯುತ್ತದೆ. ಬೀಜ ಪ್ರಸರಣದ ಪಾಠಕ್ಕೆ ಇದೇ ಗಿಡ ಮತ್ತೆ ಉಪಯೋಗಕ್ಕೆ ಬರುತ್ತದೆ. ಬೀಜ ಕೂಡಿಡಬೇಕೆಂದರೆ ಕಾಯಿ ಉಬ್ಬಿ ಹಳದಿ ತಿರುಗುವಾಗಲೇ ಅದರ ಮೇಲೆ ತೆಳು ಬಟ್ಟೆಯ ಚೀಲ ಕಟ್ಟಬೇಕು.

ಪರಾಗಸ್ಪರ್ಶ ಆದ ಕೂಡಲೇ ಬೀಜ ಆಗುತ್ತದೆ ಎಂಬಂತೆ ಹಲವು ಪಾಠಗಳು ಜಿಗಿಯುತ್ತವೆ. ನಡುವೆ ಪರಾಗನಳಿಕೆ ಬೆಳೆದು ಅಂಡಕವನ್ನು ಮುಟ್ಟಬೇಕು ಎಂಬುದು ಮಕ್ಕಳಿಗೆ ಬರೀ ಚಿತ್ರ. ಸೂಕ್ಷ್ಮದರ್ಶಕ ಇರುವ ಶಾಲೆಯಲ್ಲಿ ಇದನ್ನು ಒಂದೇ ಅವಧಿಯಲ್ಲಿ ತೋರಿಸಬಹುದು. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ ಕರಗಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ, ಆಗತಾನೇ ಅರಳಿದ ಕರ್ಣಕುಂಡಲದ ಪರಾಗ ಉದುರಿಸಿ. ಹಾಜರಿ ಹಾಕಿ, ಪೂರ್ವಜ್ಞಾನದ ಪ್ರಶ್ನೆಗಳನ್ನು ಮುಗಿಸಿ, ಭಾಗಗಳನ್ನು ಹೇಳುವಷ್ಟರಲ್ಲಿ ನಳಿಕೆಗಳು ಹೊರಟಿರುತ್ತವೆ. ಪಾಠದ ಆರಂಭದಲ್ಲಿಯೇ ಹನಿ ಸಿದ್ಧ ಮಾಡಿಡುವುದು ಇಲ್ಲಿನ ಉಪಾಯ. ನಿತ್ಯಪುಷ್ಪದ ಪರಾಗವೂ ಆಗುತ್ತದೆ.

ಚೆಂಡುಹೂವಿನ ವಿಷಯ ಬೇರೆ. ಅದನ್ನು ‘ಒಂದು ಹೂ’ ಎಂದು ಪರಿಚಯಿಸಿದರೆ ಪಾಠವೆಲ್ಲ ಗೊಂದಲ. ಅದೊಂದು ಗೊಂಚಲು. ಅಂಚಿನ ಒಂದು ‘ಎಸಳು’ ಕಿತ್ತು ಬುಡ ನೋಡಿದರೆ ಬಿಳಿಯ ಕಡ್ಡಿಯಂಥ ಅಂಡಾಶಯ, ಮೇಲೆ ಎರಡಾಗಿ ಸೀಳಿದ ಶಲಾಕಾಗ್ರ ಕಾಣುತ್ತದೆ, ಕೇಸರ ಇಲ್ಲ. ಅಂದರೆ ಅದು ಹೆಣ್ಣು ಹೂ. ನಡುವಿನ ಸಣ್ಣ ಕೊಳವೆಗಳಲ್ಲಿ ಕೇಸರ, ಅಂಡಾಶಯ ಎರಡೂ ಇವೆ. ದಸರೆ, ದೀಪಾವಳಿಗೆ ನಾವು ಕೊಳ್ಳುವ ತುಂಬು ಚೆಂಡಿನಲ್ಲಿ ಕೊಳವೆಗಳು ಕಡಿಮೆ, ಎಸಳೇ ಹೆಚ್ಚು, ಆದ್ದರಿಂದ ಪರಾಗವೂ ಕಡಿಮೆ. ಮನೆಯ ಹಿತ್ತಲಿನ ನಾಟಿ ಚೆಂಡುಹೂ ಪಾಠಕ್ಕೆ ಮೇಲು. ಒಣಗಿದ ಚೆಂಡಿನಿಂದ ಉದುರುವ ಕಪ್ಪು ಸೂಜಿಗಳನ್ನು ನಾವು ಬೀಜ ಎನ್ನುತ್ತೇವೆ. ನಿಜಕ್ಕೂ ಅದು ಒಂದೊಂದು ಪುಟ್ಟ ಕಾಯಿ, ಬೀಜ ಅದರೊಳಗೆ. ಜಿನಿಯಾದಲ್ಲಿ ಅಂಚಿನ ಎಸಳು ಒಣಗಿದ ಮೇಲೂ ತನ್ನ ಕಾಯಿಗೆ ಅಂಟಿಕೊಂಡೇ ಇರುತ್ತದೆ, ಆದ್ದರಿಂದ ಯಾವ ಹೂವಿನಿಂದ ಯಾವ ಬೀಜ ಬಂತೆಂದು ಕಣ್ಣಿಗೇ ಕಾಣುತ್ತದೆ. ಕಾಸ್ಮಸ್ ಮತ್ತು ಸೂರ್ಯಕಾಂತಿಯಲ್ಲಿ ಹಾಗಲ್ಲ, ಅಂಚಿನವು ಬೀಜ ಕಟ್ಟುವುದಿಲ್ಲ.

ಪ್ರಯೋಗಕ್ಕೆ ನಾನು ಸೂಚಿಸುವುದು ಸಂಜೆಮಲ್ಲಿಗೆ. ಶಾಲೆ ಬಿಡುವ ಹೊತ್ತಿಗೆ ಅರಳುತ್ತದೆ, ಕತ್ತಲಾದ ಮೇಲೆ ಉದ್ದ ಸೊಂಡಿಲಿನ ಪತಂಗಗಳು ಬರುತ್ತವೆ. ಒಂದು ಹೂವಿಗೆ ಒಂದೇ ಅಂಡಕ, ಒಂದೇ ಬೀಜ. ಎಣಿಕೆ ಬಲು ಸುಲಭ. ಮೂರು ಗುಂಪು ಮಾಡಿ. ಮೊದಲ ಗುಂಪಿನ ಹತ್ತು ಮೊಗ್ಗುಗಳಿಗೆ ಬಣ್ಣದ ದಾರ ಮಾತ್ರ ಕಟ್ಟಿ ಬಿಡಿ. ಎರಡನೆಯ ಹತ್ತು ಮೊಗ್ಗುಗಳಿಗೆ ಮಧ್ಯಾಹ್ನವೇ ತೆಳು ಬಟ್ಟೆಯ ಚೀಲ ಹಾಕಿ. ಮೂರನೆಯ ಹತ್ತರಲ್ಲಿ ಮೊಗ್ಗನ್ನು ಮೆಲ್ಲನೆ ಬಿಡಿಸಿ ಐದು ಪರಾಗಕೋಶಗಳನ್ನು ಚಿಮುಟದಿಂದ ತೆಗೆದು ಚೀಲ ಹಾಕಿ. ಎರಡನೆಯ ಗುಂಪಿನಲ್ಲಿಯೂ ಬೀಜ ಬರುವುದನ್ನು ಕಂಡು ಮಕ್ಕಳಿಗೆ ಆಶ್ಚರ್ಯ: ಪತಂಗ ಬಂದೇ ಇಲ್ಲವಲ್ಲ! ಹೂ ಮುದುಡುವಾಗ ಕೇಸರಗಳೂ ಶಲಾಕನಳಿಕೆಯೂ ಒಟ್ಟಿಗೆ ಸುರುಳಿ ಸುತ್ತಿಕೊಂಡು ಪರಾಗ ತಾನೇ ಶಲಾಕಾಗ್ರಕ್ಕೆ ತಾಗುತ್ತದೆ. ಸಂಜೆಯೆಲ್ಲ ಪರಕೀಯಕ್ಕೆ ಕಾದು, ಯಾರೂ ಬಾರದಿದ್ದರೆ ಸ್ವಕೀಯಕ್ಕೆ ಒಪ್ಪಿಕೊಳ್ಳುವ ಹೂ ಇದು. ಮೂರನೆಯ ಗುಂಪಿನಲ್ಲಿ ಬೀಜ ಇರುವುದಿಲ್ಲ. ಪರಾಗ ಬೇಕೇ ಬೇಕು ಎಂಬುದಕ್ಕೆ ಅದೇ ಸಾಕ್ಷಿ. ಇದರ ಬೀಜ ಮೆಣಸಿನಕಾಳಿನ ಹಾಗಿದ್ದು ವಿಷಕಾರಿ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು. ಕಣಗಿಲೆಯನ್ನಂತೂ ತರಗತಿಗೆ ತರುವುದೇ ಬೇಡ.

ಪರಾಗಕೋಶ ತೆಗೆಯುವ ಈ ಕೆಲಸ ಪ್ರಯೋಗಾಲಯದ್ದೆಂದು ಪ್ರಶಿಕ್ಷಣಾರ್ಥಿಗಳು ತಿಳಿದಿರುತ್ತಾರೆ. ರಾಣೇಬೆನ್ನೂರು ಕಡೆಯ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನು ವಿವರಿಸುತ್ತಿದ್ದಾಗ ಒಬ್ಬಳು ಹುಡುಗಿ ಎದ್ದು ನಿಂತು, “ಇದನ್ನ ನಮ್ಮವ್ವ ದಿನಾ ಮಾಡ್ತಾಳ್ರಿ ಟೀಚರ್, ಕ್ರಾಸಿಂಗ್ ಅಂತಾರ್ರಿ” ಎಂದಳು. ಆ ಭಾಗದಲ್ಲಿ ಟೊಮೆಟೊ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ. ಟೀಚರ್ ಜಾಣೆ. ಸೀಮೆಸುಣ್ಣ ಕೆಳಗಿಟ್ಟು “ಹಾಗಾದರೆ ನೀನೇ ಹೇಳವ್ವ” ಎಂದರು. ಹುಡುಗಿ ಹೇಳಿದ್ದು ಇಷ್ಟು: ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಬಿಡಿಸಿ ಒಳಗಿನ ಹಳದಿ ತೆಗೆಯುವುದು. ಗಂಡು ಸಾಲಿನ ಹೂಗಳಿಂದ ತೆಗೆದ ಪುಡಿಯನ್ನು ಬೆರಳಿಗೆ ತೊಟ್ಟ ಉಂಗುರದಂಥ ಪುಟ್ಟ ಬಟ್ಟಲಲ್ಲಿಟ್ಟು ಮಾರನೆಯ ಬೆಳಿಗ್ಗೆ ಹೆಣ್ಣು ಹೂವಿನ ತುದಿಗೆ ಮುಟ್ಟಿಸುವುದು. ಮುಟ್ಟಿಸಿದ ಹೂವಿನ ಹಸಿರು ಪುಷ್ಪಪತ್ರಗಳಲ್ಲಿ ಎರಡನ್ನು ಚಿವುಟುವುದು, ಗುರುತಿಗೆ. ಗುರುತಿಲ್ಲದ ಕಾಯಿ ಬೀಜಕ್ಕೆ ಸೇರುವುದಿಲ್ಲ. ಆ ದಿನ ನನ್ನ ವೀಕ್ಷಣಾ ಪುಸ್ತಕದಲ್ಲಿ ಪರಿಕಲ್ಪನೆಯ ಸ್ಪಷ್ಟತೆಗೆ ಪೂರ್ಣ ಅಂಕ ಬಿತ್ತು. ಅರ್ಧ ಅಂಕ ಆ ಹುಡುಗಿಯ ಅವ್ವನಿಗೆ ಸಲ್ಲಬೇಕು.

ಹೂಗಳಲ್ಲೂ ಇದೇ ಕೆಲಸ ನಡೆಯುತ್ತದೆ, ನಮ್ಮ ನಾಡಿನಲ್ಲಿಯೇ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಂಪನಿಯನ್ನು ಆರಂಭಿಸಿದರು. ಕೈಯಿಂದ ಪರಾಗ ಮುಟ್ಟಿಸಿ ಪಡೆದ ಪೆಟೂನಿಯದಂಥ ಹೂಗಳ ಬೀಜ ಇಲ್ಲಿಂದ ಹೊರದೇಶಗಳಿಗೆ ಹೋಯಿತು. ಪೆಟೂನಿಯದ ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಂಗೆ ಸುಮಾರು 10,000. ಒಂದೊಂದು ಕಾಯಿಯಲ್ಲಿ ನೂರಾರು ಇರುವುದರಿಂದಲೇ ಕೈಯಿಂದ ಮಾಡುವ ಈ ಕೆಲಸ ಲಾಭದ್ದಾಗುತ್ತದೆ. ಬಹುದಳದ ಪೆಟೂನಿಯದಲ್ಲಿ ಒಂದು ಸ್ವಾರಸ್ಯವಿದೆ. ಅದರ ಶಲಾಕೆ ಸಾಮಾನ್ಯವಾಗಿ ವಿಕಾರವಾಗಿರುತ್ತದೆ, ತಾಯಿಯಾಗಲಾರದು. ಆದರೆ ಉಳಿದ ಪರಾಗ ಚೆನ್ನಾಗಿರುತ್ತದೆ. ಹಾಗಾಗಿ ಒಂಟಿದಳದ ಗಿಡವನ್ನು ತಾಯಿ ಮಾಡಿ, ಬಹುದಳದ ಪರಾಗ ಮುಟ್ಟಿಸುತ್ತಾರೆ. ಇಡೀ ಪೊಟ್ಟಣ ಬಹುದಳದ ಗಿಡಗಳನ್ನೇ ಕೊಡುವ ಬೀಜವನ್ನು ಜಪಾನಿನ ಸಕಾಟ ಕಂಪನಿ 1930ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಪ್ರವಾಸ ಹೋದಾಗ ಕುಂಡಗಳ ಸಾಲಿನ ಮುಂದೆ ಈ ಮಾತು ಹೇಳಬಹುದು.

ಪೊಟ್ಟಣದ ಮೇಲೆ ‘ಎಫ್1’ ಎಂದು ಬರೆದಿದ್ದರೆ ಆ ಗಿಡಗಳ ಬೀಜ ಉಳಿಸಿ ಬಿತ್ತಿದಾಗ ಬಣ್ಣ, ಎತ್ತರ ಎಲ್ಲ ಬೆರಕೆಯಾಗಿ ಬರುತ್ತವೆ. ಇದನ್ನು ಬೀಜದ ದೋಷವೆಂದು ಮಕ್ಕಳು ತಿಳಿಯದಿರಲಿ. ಮೆಂಡೆಲನ ಎರಡನೆಯ ಪೀಳಿಗೆ ಅಲ್ಲಿ ಕಾಣುತ್ತಿದೆ. ಸಂಜೆಮಲ್ಲಿಗೆಯಲ್ಲಿ ಕೆಂಪು ಮತ್ತು ಬಿಳಿಯ ಶುದ್ಧ ತಳಿಗಳನ್ನು ಕೂಡಿಸಿದಾಗ ಗುಲಾಬಿ ಬಣ್ಣ ಬರುವುದನ್ನು ಪಿಯು ತರಗತಿಯಲ್ಲಿ ಹೇಳುತ್ತಾರೆ, ಆ ಪ್ರಯೋಗಗಳನ್ನು ಮಾಡಿದವರು ಕಾರ್ಲ್ ಕೊರೆನ್ಸ್. ಪ್ರೌಢಶಾಲೆಯ ಕೈತೋಟದಲ್ಲಿ ಎರಡು ಬಣ್ಣದ ಗಿಡಗಳನ್ನು ಒಟ್ಟಿಗೆ ಬೆಳೆಸಿ, ಅವುಗಳ ಬೀಜವನ್ನು ಬೇರೆ ಬೇರೆ ಲಕೋಟೆಯಲ್ಲಿ ಇಟ್ಟು ಮುಂದಿನ ಮಳೆಗೆ ಬಿತ್ತಿದರೆ ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠಕ್ಕೆ ಸಾಮಗ್ರಿ ಸಿದ್ಧ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಬಿಡಿ ಪಾಠಗಳ ಕಾಲದಲ್ಲಿ ಈ ಮಾತು ನಿಜವಿತ್ತು. 2014ರ ಎನ್‌ಸಿಟಿಇ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ್ದಾಗಿ, ಶಾಲೆಯಲ್ಲಿ ಇರುವ ಅವಧಿ ವಾರಗಟ್ಟಲೆ ಬೆಳೆದಿದೆ. ಕರ್ಣಕುಂಡಲ ಬಿತ್ತಿದ ಆರರಿಂದ ಎಂಟು ವಾರಕ್ಕೆ ಹೂ ಬಿಡುತ್ತದೆ, ಕಾಯಿ ಬಲಿಯಲು ಇನ್ನು ಕೆಲವು ವಾರ. ಹೊಸ ತಂಡ ಶಾಲೆಗೆ ಹೋಗುವ ಎರಡು ತಿಂಗಳ ಮೊದಲೇ ಹಿಂದಿನ ತಂಡದವರು ಬೀಜ ಬಿತ್ತಿ, ಗಿಡದ ಹೆಸರು ಮತ್ತು ಬಿತ್ತಿದ ದಿನಾಂಕವನ್ನು ಹಲಗೆಯ ಮೇಲೆ ಬರೆದು ನೆಟ್ಟುಹೋಗುವುದು ನಮ್ಮಲ್ಲಿ ಈಗ ರೂಢಿ. ನೀರು ಹಾಕುವ ಸರದಿಯನ್ನು ಏಳನೆಯ ತರಗತಿಯವರೇ ಹಂಚಿಕೊಳ್ಳುತ್ತಾರೆ. ದಾರ ಕಟ್ಟಿದ ಹೂಗಳ ಎಣಿಕೆಯ ಪಟ್ಟಿ ತರಗತಿಯ ಗೋಡೆಯ ಮೇಲಿರುತ್ತದೆ, ಮೊದಲ ಕಂಬಸಾಲಿನಲ್ಲಿ ದಾಸವಾಳ. ಅಲ್ಲಿ ವಾರವಾರವೂ ಮಕ್ಕಳು ಸೊನ್ನೆ ಬರೆಯುತ್ತಾರೆ.